ಉಪ್ಪು ತಿನ್ನುವ ಯಂತ್ರ

ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆ ನೋಡಲು ಬಂದವರು ವಾಸ್ತು, ಗಾಳಿ, ಬೆಳಕನ್ನೆಲ್ಲ ಆಮೇಲೆ ವಿಚಾರಿಸುತ್ತಾರೆ. ಮೊದಲ ಪ್ರಶ್ನೆ, "ನಳಾ ಎಷ್ಟ ದಿನಕ್ಕೊಮ್ಮೆ ಬರ್ತಾವರಿ?" ಎರಡನೆಯದು, "ಬೋರ್ ಸಿಹಿ ಅದನೋ, ಸವಳೋ?" 2008ರಲ್ಲಿ ಅವಳಿ ನಗರದ ಕೆಲವೇ ವಾರ್ಡುಗಳಿಗೆ ದಿನದ 24 ತಾಸೂ ನೀರು ಬಿಡತೊಡಗಿದಾಗ ಅಲ್ಲಿಯ ವರಗಳಿಗೆ ಬೇಡಿಕೆ ಏರಿತೆಂದು ನನ್ನ ಗುಮಾನಿ. ಉಳಿದವರೆಲ್ಲ ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಮಲಪ್ರಭೆ ಯಾವ ಮುಹೂರ್ತಕ್ಕೆ ದಯಮಾಡಿಸುತ್ತಾಳೆಂದು ವಾಲ್‌ಮನ್‌ನ ಮುಖ ನೋಡುತ್ತ, ನಡುವಿನ ದಿನಗಳನ್ನು ಬೋರಿನ ಮೇಲೆ ನೂಕಿದೆವು.

ಬೋರಿನ ನೀರು ನೋಡಲು ಸ್ಫಟಿಕ. ಗುಣ ತಿಳಿಯುವುದು ಸಂಸಾರ ಹೂಡಿದ ಮೇಲೆ. ತೊಗರಿಬೇಳೆ ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆದರೂ ಕಾಳು ಕಾಳಾಗಿಯೇ ಇರುತ್ತದೆ. ಗೀಸರಿನ ಕಾಯಿಲ್ ಸುಣ್ಣದ ಅಂಗಿ ತೊಟ್ಟು ಹೊರಬರುತ್ತದೆ. ಇದು ಗಡಸುತನದ ಪ್ರತಾಪ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದು. ಲೀಟರಿಗೆ 200 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು, ಬೇರೆ ಗತಿಯೇ ಇಲ್ಲದಿದ್ದರೆ 600ರವರೆಗೆ ಸಹಿಸಿಕೊಳ್ಳಿ ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಬೋರು ಆ ಸಹನೆಯ ಗಡಿಯ ಮೇಲೆಯೇ ಕುಳಿತಿತ್ತು.

ಎರಡನೆಯ ದುರ್ಗುಣ ಕಬ್ಬಿಣ. ಇದಕ್ಕೆ ಊರಿನ ಹೆಸರೇ ಕಾರಣವಿರಬಹುದೇ ಎಂದು ನಾನು ಆಗಾಗ ಯೋಚಿಸುತ್ತೇನೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಭಾರತದ ಒಂದು ಪುರಾತನ ಶಿಲಾಸಮೂಹಕ್ಕೆ ಧಾರವಾಡದ ಹೆಸರಿಟ್ಟ. ಸಂಡೂರಿನ ಅದಿರು ಇರುವುದೂ ಆ ಬಳಗದ ಬಂಡೆಗಳಲ್ಲೇ. ಅಲ್ಲಿ ಕಬ್ಬಿಣ ಲಾರಿಗಟ್ಟಲೆ ಹೊರಟು ರೊಕ್ಕವಾಗಿ ಮರಳಿತು. ಹೆಸರು ಕೊಟ್ಟ ನಮ್ಮ ಪಾಲಿಗೆ ಬಕೀಟಿನ ತಳದ ಕೆಂಪು ಗಸಿಯಾಗಿ ಬಂತು. ಚಹಾ ಮಾಡಿದರೆ ಕಪ್ಪಗಾಗುತ್ತದೆ. ಚಹಾದೊಳಗಿನ ಒಗರು ಕಬ್ಬಿಣದ ಜೊತೆ ಕೂಡಿದರೆ ಆಗುವುದು ಹಳೆಯ ಕಾಲದ ಬರೆಯುವ ಶಾಯಿಯೇ. ಬಿಳಿ ಧೋತರ ಕಾವಿ ಬಣ್ಣಕ್ಕೆ ತಿರುಗಿ, ಸಂಸಾರದಲ್ಲಿದ್ದುಕೊಂಡೇ ಸನ್ಯಾಸಿಯ ಕಳೆ ಬರುತ್ತದೆ. ಕಲೆ ಹೋಗಲೆಂದು ಬ್ಲೀಚಿಂಗ್ ಹಾಕಿದಿರೋ, ಬಣ್ಣ ಇನ್ನಷ್ಟು ಗಟ್ಟಿಯಾಗಿ ಕೂಡುತ್ತದೆ. ಲಿಂಬೆಹುಳಿಗೆ ಮಾತ್ರ ಅದು ಬಗ್ಗುತ್ತದೆ.

ಹೀಗಾಗಿ ಮನೆಗೆ ಎರಡು ಉದ್ದನೆಯ ಕೊಳವೆಗಳು ಬಂದವು. ಮೊದಲನೆಯದು ಕಬ್ಬಿಣ ಹಿಡಿಯಲಿಕ್ಕೆ, ಎರಡನೆಯದು ನೀರನ್ನು ಮೆತ್ತಗೆ ಮಾಡಲಿಕ್ಕೆ. ಕೂಡಿಸಲು ಬಂದ ಹುಡುಗ ನನ್ನ ಹೆಂಡತಿಗೆ ವಿವರಿಸಿದ: "ಅಕ್ಕಾರ, ಇದಕ್ಕ ತಿಂಗಳಿಗೊಮ್ಮೆ ಉಪ್ಪ ಹಾಕಿದ್ರ ಆತ್ರಿ." ಜಪಮಣಿ ಹಿಡಿದು ಕುಳಿತಿದ್ದ ನಮ್ಮ ಅಜ್ಜಿಗೆ ಕಿವಿ ಮಂದ, ಆದರೆ ಇಂಥವೆಲ್ಲ ಸರಿಯಾಗಿ ಕೇಳುತ್ತವೆ. "ಸವಳ ಹೋಗಲಿಕ್ಕೆ ಉಪ್ಪ ಹಾಕೂದು ಅಂದ್ರ ಎಂಥಾ ಶಾಣ್ಯಾತನನೋ ತಮ್ಮಾ?" ಉಪ್ಪು ತಿಂದವರು ನೀರು ಕುಡಿಯಬೇಕೆಂದು ಕೇಳಿ ಬೆಳೆದವಳು. ನೀರು ಕುಡಿಯಬೇಕಾದರೆ ಯಂತ್ರಕ್ಕೆ ಉಪ್ಪು ತಿನ್ನಿಸಬೇಕು ಎಂಬುದು ಅವಳ ಲೆಕ್ಕಕ್ಕೆ ಸಿಗಲಿಲ್ಲ.

ಯಂತ್ರದೊಳಗೆ ಇರುವುದು ಗಸಗಸೆಯಂಥ ಸಣ್ಣ ರೆಸಿನ್ ಮಣಿಗಳು. ಅವು ನೀರಿನ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಬಿಡಲು ಸೋಡಿಯಂ ಮುಗಿದಾಗ ಉಪ್ಪುನೀರಿನಲ್ಲಿ ತೊಳೆದರೆ ಮತ್ತೆ ಚೇತರಿಸಿಕೊಳ್ಳುತ್ತವೆ. ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ 1935ರಲ್ಲಿ ಇಂಥ ರೆಸಿನ್ ಮಾಡಿದರು. ಒಡೆದ ಗ್ರಾಮೊಫೋನ್ ತಟ್ಟೆಯ ಪುಡಿಯಲ್ಲಿ ಈ ಗುಣ ಕಂಡು ಅವರಿಗೆ ದಾರಿ ಹೊಳೆಯಿತೆಂಬ ಕಥೆ ರಸಾಯನಶಾಸ್ತ್ರದವರಲ್ಲಿದೆ. ಆ ದಶಕದಲ್ಲೇ ಗಂಗೂಬಾಯಿ ಹಾನಗಲ್ಲರ, ಮಲ್ಲಿಕಾರ್ಜುನ ಮನ್ಸೂರರ ತಟ್ಟೆಗಳು ಹೊರಬರುತ್ತಿದ್ದವು. ನಮ್ಮೂರವರು ತಟ್ಟೆ ಒಡೆಯುವ ಜಾತಿಯಲ್ಲವಾದ್ದರಿಂದ ಈ ಶೋಧ ಇಂಗ್ಲೆಂಡಿಗೆ ಹೋಯಿತು.

ಕೆಲವು ದಿನ ಸ್ವರ್ಗಸುಖ. ಬೇಳೆ ಬೆಂದಿತು, ಸೋಪು ನೊರೆಯಾಯಿತು. ಗದಗ ಕಡೆಯಿಂದ ಬಂದ ಸೋದರಮಾವ ಬಚ್ಚಲು ಹೊಕ್ಕವರು ಹೊರಗೆ ಬರಲೊಲ್ಲರು. "ಏನ ಸೋಪೋ ಇದು, ತೊಳದಷ್ಟೂ ಮೈ ಜಾರತದ!" ಜನ್ಮವಿಡೀ ಗಡಸು ನೀರಿನಲ್ಲಿ ಮಿಂದ ಮೈ ಅದು. ಮೆತ್ತನೆಯ ನೀರು ಹಾಗೆಯೇ ಇರುತ್ತದೆ ಎಂದು ನಂಬಿಸುವಷ್ಟರಲ್ಲಿ ಮೇಲಿನ ಟಾಕಿ ಖಾಲಿ.

ಆಮೇಲೆ ಬೇಳೆ ಮತ್ತೆ ಮುಷ್ಕರ ಹೂಡಿತು. ಸುದ್ದಿ ತಿಳಿದು ಪಕ್ಕದ ಮನೆಯ ಕಾಕಾ ನೀರಿನಲ್ಲಿ ಕರಗಿದ ಲವಣಗಳ ಅಂಕಿ ತೋರಿಸುವ ಪೆನ್ನಿನಂಥ ಟಿಡಿಎಸ್ ಮೀಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಬಂದರು. ಅವರು ಮಂದಿಯ ಮನೆಯ ಪಾಯಸಕ್ಕೂ ಅದನ್ನು ಅದ್ದಿ ನೋಡಿದವರು. ಯಂತ್ರದ ಒಳಗೆ ಹೋಗುವ ನೀರಿಗೊಮ್ಮೆ, ಹೊರಗೆ ಬರುವ ನೀರಿಗೊಮ್ಮೆ ಅದ್ದಿ, "ಎರಡೂ ಕಡೆ ಆಕಡಾ ಒಂದ ಅದ. ಹಗಲ ದರೋಡಿ ಆಗ್ಯದ ನಿಮಗ" ಎಂದು ತೀರ್ಪು ಕೊಟ್ಟರು.

ಈ ಮೀಟರಿನಿಂದ ನಮ್ಮ ಓಣಿಯಲ್ಲಿ ಎಷ್ಟು ಜಗಳಗಳಾಗಿವೆಯೋ! ಅದು ನೋಡುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನಷ್ಟೇ. ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದರೆ ಅದಕ್ಕೇನೂ ಗೊತ್ತಾಗುವುದಿಲ್ಲ. ಯಂತ್ರ ಪೂರಾ ಸರಿಯಿದ್ದರೂ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನನ್ನ ಹೆಂಡತಿ ಮಾತಾಡದೆ ಎರಡು ಬಾಟಲಿಗಳಲ್ಲಿ ಎರಡು ನೀರು ಹಿಡಿದು, ಸೋಪಿನ ಚೂರು ಹಾಕಿ ಕುಲುಕಿದಳು. ಎರಡರಲ್ಲೂ ನೊರೆಯ ಬದಲು ಮೊಸರೊಡೆದಂಥ ಗಸಿ. ರೆಸಿನ್ ದಣಿದಿದೆ ಎಂಬುದು ಐದು ಪೈಸೆ ಖರ್ಚಿಲ್ಲದೆ ಗೊತ್ತಾಯಿತು. ಕಾಕಾ ಮೀಟರನ್ನು ಜೇಬಿನಲ್ಲಿಟ್ಟುಕೊಂಡು ಚಹಾಕ್ಕೆ ಕುಳಿತರು.

ತಿಂಗಳಿಗೊಮ್ಮೆ ಉಪ್ಪು ಎಂಬ ಮಾತು ಎಲ್ಲಿಂದ ಬಂತೋ, ಲೆಕ್ಕವಂತೂ ಬೇರೆಯೇ ಇದೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದರೆ 1,250 ಗ್ರಾಂ. ನೀರಿನ ಗಡಸುತನ 600 ಇದ್ದರೆ ಹತ್ತಿರ ಹತ್ತಿರ 2,000 ಲೀಟರಿಗೆ ಯಂತ್ರ ಸುಸ್ತು. ನಗರದ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬ ಸರಕಾರಿ ಲೆಕ್ಕ ಹಿಡಿದರೂ ಐದು ಜನರ ಮನೆಯಲ್ಲಿ ಮೂರು ದಿನದ ಮಾತು. ಸೋದರಮಾವ ಬಂದರೆ ಇನ್ನೂ ಬೇಗ. ಪ್ರತಿ ಸಲಕ್ಕೆ ನಾಲ್ಕು ಕಿಲೋ ಹತ್ತಿರ ಉಪ್ಪು ಬೇಕು. ನಮ್ಮ ಕಿರಾಣಿ ಅಂಗಡಿಯವ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ: "ಸರ, ಉಪ್ಪಿನಕಾಯಿ ಧಂದೇ ಸುರು ಮಾಡೀರೇನ್ರಿ?"

ಉಪ್ಪು ಹಾಕಿದ ಮೇಲೆ ಸಿಹಿನೀರಿನಿಂದ ಚೆನ್ನಾಗಿ ತೊಳೆಯಬೇಕು. ಮಗ ಕ್ರಿಕೆಟ್ ಮ್ಯಾಚಿನ ಅವಸರದಲ್ಲಿ ಆ ಹಂತವನ್ನು ಮೊಟಕು ಮಾಡಿದ ದಿನವೇ ಬೀಗರು ಬಂದರು. ಉಪ್ಪುಪ್ಪು ಚಹಾವನ್ನು ಅವರು ಒಂದು ಮಾತೂ ಆಡದೆ ಕುಡಿದು ಮುಗಿಸಿದರು. ಅಂಥ ಬೀಗರು ಈಗ ಸಿಗುವುದಿಲ್ಲ.

ಕಬ್ಬಿಣದ ಫಿಲ್ಟರಿನ ತಕರಾರು ಇನ್ನೊಂದು ನಮೂನೆಯದು. ಅದರೊಳಗಿನ ಕರಿ ಹರಳುಗಳನ್ನು ಕೆಳಗಿನಿಂದ ರಭಸವಾಗಿ ನೀರು ನುಗ್ಗಿಸಿ, ಎತ್ತಿ ಕುಲುಕಿ ತೊಳೆಯಬೇಕು. ಮಾಳಿಗೆಯ ಟಾಕಿಯಿಂದ ಬರುವ ನೀರಿಗೆ ಅಷ್ಟು ಕಸುವು ಎಲ್ಲಿಯದು? ಹತ್ತು ಮೀಟರ್ ಎತ್ತರವಿದ್ದರೆ ಒಂದು ಕಿಲೋ ಒತ್ತಡ, ಅದೂ ಪೂರ್ತಿ ಕೈಗೆ ಸಿಗುವುದಿಲ್ಲ. ಪಂಪಿನ ಜೋರಿಲ್ಲದೆ ತೊಳೆದರೆ ಕೆಸರು ಒಳಗೇ ಉಳಿದು, ಕಬ್ಬಿಣ ದಾಟಿ ಹೋಗಿ ರೆಸಿನ್ನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಉಪ್ಪು ಸುರಿದರೂ ಅದು ಏಳುವುದಿಲ್ಲ.

ಆದ್ದರಿಂದ, ಯಂತ್ರ ಕೊಳ್ಳಲು ಹೊರಟವರೇ, ಮೊದಲು ಬೋರಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದಿಡಿ. ತಿಳಿಯಾಗಿ ಬಂದದ್ದು ಇಟ್ಟಲ್ಲೇ ಹಳದಿಗೆ ತಿರುಗಿದರೆ ಕಬ್ಬಿಣ ನೀರಿನಲ್ಲೇ ಕರಗಿದೆ. ಬರುವಾಗಲೇ ಕೆಂಪಗಿದ್ದರೆ ಒಮ್ಮೆ ಪೈಪಿನ ಜಂಗನ್ನೂ ನೋಡಿಸಿ, ಫಿಲ್ಟರಿನ ರೊಕ್ಕ ಉಳಿದೀತು. ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಒಳಗೆ ಎಷ್ಟು ಲೀಟರ್ ರೆಸಿನ್ ಇದೆ ಎಂದು ಕೇಳಿ. ಯಂತ್ರ ತೊಳೆದ ಉಪ್ಪುನೀರನ್ನು ಮಾತ್ರ, ನೀರು ದಂಡವಾಗಬಾರದೆಂದು ನಮ್ಮ ಕಾಕಾ ಮಾಡಿದಂತೆ ಕರಿಬೇವಿನ ಬುಡಕ್ಕೆ ಬಿಡಬೇಡಿ. ಅವರ ಮನೆಯ ಒಗ್ಗರಣೆಗೆ ಈಗ ಕರಿಬೇವು ಹೋಗುತ್ತಿರುವುದು ನಮ್ಮ ಹಿತ್ತಲಿನಿಂದ.