ಡಿಂಗ ಹೆಚ್ಚೋ ಫ್ಯಾಂಟಮ್ ಹೆಚ್ಚೋ: ಬಳಕೆದಾರರ ಕೈಪಿಡಿ, ಶಾಗ್ಯ ಮಾದರಿ

ಈ ಚರ್ಚೆಯನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಶುರು ಮಾಡುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದದೆ ಶುರು ಮಾಡಿದವರು ಹನೂರಿನ ಕೊನೇ ಬಸ್ಸು ತಪ್ಪಿಸಿಕೊಂಡು, ಹೆಗಲ ಮೇಲಿನ ವಸ್ತ್ರ ಬಿಚ್ಚಿಟ್ಟರೆ ಡಿಂಗ ಹಾರಬಲ್ಲನೋ ಇಲ್ಲವೋ ಎಂದು ರಾತ್ರಿ ಹತ್ತರವರೆಗೆ ಜಗಲಿ ಮೇಲೆ ಕೂತದ್ದಿದೆ. ಹಾಗೆ ಕೂತವರಲ್ಲಿ ನಾನೂ ಒಬ್ಬ. ಇದಕ್ಕೆ ಕರೆಂಟು ಬೇಡ. ಕರೆಂಟು ಹೋದಾಗ ಇನ್ನೂ ಚೆನ್ನಾಗಿ ಓಡುತ್ತದೆ.

ಬೇಕಾಗುವ ಸಾಮಾನು

ಒಂದು ಟೀ ಅಂಗಡಿ, ಒಂದು ಬೆಂಚು, ನಲವತ್ತರ ಆಸುಪಾಸಿನ ಮೂವರು. ಒಬ್ಬ ಡಿಂಗನ ಕಥೆ ಬರುತ್ತಿದ್ದ ಬಾಲಮಂಗಳ ಓದಿ ಬೆಳೆದವನಾಗಿರಬೇಕು. ಇನ್ನೊಬ್ಬ ಸ್ವಲ್ಪ ಹಿರಿಯ, ‘ಸುಧಾ’ ಬಂದ ಕೂಡಲೇ ಮಿಕ್ಕ ಪುಟ ಹಾರಿಸಿ ಫ್ಯಾಂಟಮ್ ಹುಡುಕುತ್ತಿದ್ದವನು. ಮೂರನೆಯವನು ಎರಡನ್ನೂ ಓದದವನು. ಈ ಮೂರನೆಯವನಿಲ್ಲದೆ ಚರ್ಚೆ ನಡೆಯುವುದಿಲ್ಲ, ಏಕೆಂದರೆ ಅತಿ ಹೆಚ್ಚು ಮಾತಾಡುವವನು ಅವನೇ.

ಪುಸ್ತಕ ಮಾತ್ರ ಬೇಡ. ಪುಸ್ತಕ ಎದುರಿಗಿದ್ದರೆ ಯಾರಾದರೂ ತೆರೆದು ನೋಡಿಬಿಡುತ್ತಾರೆ, ಅಲ್ಲಿಗೆ ಚರ್ಚೆ ಸತ್ತಿತು. ನಮ್ಮೂರು ಶಾಗ್ಯದಲ್ಲಿ ಆ ಭಯವಿಲ್ಲ. ನಾವು ಹುಡುಗರಾಗಿದ್ದಾಗ ಬಾಲಮಂಗಳವನ್ನು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಿಂದ ಯಾರಾದರೂ ತರಬೇಕಿತ್ತು. ತಂದದ್ದು ಕೈಯಿಂದ ಕೈಗೆ, ಬೀದಿಯಿಂದ ಬೀದಿಗೆ ಹೋಗಿ, ಮೊದಲು ರಟ್ಟು ಕಳಚಿಕೊಂಡು, ಆಮೇಲೆ ನಡುವಿನ ಪಿನ್ನು ಬಿಟ್ಟು, ಕೊನೆಗೆ ಕಡಲೆಕಾಯಿ ಪೊಟ್ಟಣವಾಗುತ್ತಿತ್ತು. ನನ್ನ ಕೈಗೆ ಬಂದ ಒಂದು ಕಥೆಯಲ್ಲಿ ಡಿಂಗ ದೊಡ್ಡದೊಂದು ಬಂಡೆ ಎತ್ತಿಕೊಂಡು ನಿಂತಿದ್ದಾನೆ, ಕೆಳಗೆ ಒಂದು ಮೊಲ ಸಿಕ್ಕಿಕೊಂಡಿದೆ. ಮುಂದಿನ ಹಾಳೆ ಇಲ್ಲ. ಮೂವತ್ತು ವರ್ಷವಾಯಿತು, ಆ ಬಂಡೆ ಇನ್ನೂ ಕೆಳಗಿಳಿದಿಲ್ಲ.

ಮೊದಲನೇ ಹಂತ: ಮೂಲ ಕೆದಕುವುದು

“ಡಿಂಗ ನಮ್ಮೋನು” ಎಂದು ಯಾರಾದರೂ ಹೇಳುವವರೆಗೆ ಕಾಯಿರಿ. ಹೇಳಿದ ಕೂಡಲೇ, ಟೀ ಲೋಟ ನಿಧಾನವಾಗಿ ಕೆಳಗಿಟ್ಟು, ಅವನು ಕೇರಳದವನೆಂಬ ಸುದ್ದಿ ಮುಟ್ಟಿಸಿ. ಕೊಟ್ಟಾಯಂನ ಮಂಗಳಂ ಬಳಗದ ಮಲಯಾಳಂ ‘ಬಾಲಮಂಗಳಂ’ನಲ್ಲಿ 1983ರಲ್ಲಿ ಹುಟ್ಟಿದ ಇಲಿ ಅದು, ಅಲ್ಲಿನ ಹೆಸರು ಡಿಂಕನ್. ಕಥೆ ಎನ್. ಸೋಮಶೇಖರನ್ ಅವರದು, ಚಿತ್ರ ಬೇಬಿ ಅವರದು. ಬೇರೆ ಗ್ರಹದವರು ಎತ್ತಿಕೊಂಡು ಹೋಗಿ, ಪ್ರಯೋಗ ಮಾಡಿ, ಮೈತುಂಬ ಶಕ್ತಿ ತುಂಬಿ ಕಳಿಸಿದರು. ಕನ್ನಡಕ್ಕೆ ಬರುವಾಗ ಬಾಲದ ಅಕ್ಷರ ಕತ್ತರಿಸಿಕೊಂಡು ಡಿಂಗ ಆದ.

ಇಲ್ಲಿ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮೌನ ಕವಿಯುತ್ತದೆ. ಗಾಬರಿ ಬೇಡ. ಯಾವುದು ನಮ್ಮದು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಿಂದ ಚಾಮರಾಜನಗರ. ಈಗ ನಮಗೆ ಹನೂರೇ ತಾಲ್ಲೂಕು. ಕೂತ ಜಾಗದಲ್ಲೇ ಇಷ್ಟು ವಿಳಾಸ ಬದಲಿಸಿದ ಊರಿನವರು ಒಂದು ಇಲಿ ಗಡಿ ದಾಟಿತೆಂದು ಮುನಿಸಿಕೊಳ್ಳಬಾರದು.

ಫ್ಯಾಂಟಮ್ ಪಕ್ಷದವನು ನಗುತ್ತಿದ್ದರೆ ಅವನನ್ನೂ ಬಿಡಬೇಡಿ. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಇಂಡಿಯಾಕ್ಕೆ ಪುಸ್ತಕವಾಗಿ ಬಂದದ್ದು 1964ರಲ್ಲಿ, ಇಂದ್ರಜಾಲ ಕಾಮಿಕ್ಸ್‌ನಲ್ಲಿ. ಅವನ ಕಾಡಿನ ಮೂಲ ಹೆಸರು ಬಂಗಾಳದಂತೆ ಕೇಳಿಸುತ್ತದೆ ಎಂದೋ ಏನೋ, ಇಂದ್ರಜಾಲದವರು ಅದನ್ನು ಡೆಂಕಾಲಿ ಎಂದು ಬದಲಿಸಿದರು. ಆ ಒಂದು ಪದ ನಮ್ಮ ಬಾಲ್ಯವನ್ನೇ ದಾರಿ ತಪ್ಪಿಸಿತು. ಕಾವೇರಿಯ ಆಚೆ ದಡದ ಕಾಡು ಹಾಯ್ದು ಹೋದರೆ ಡೆಂಕಣಿಕೋಟೆ ಇದೆಯಲ್ಲ, ಡೆಂಕಾಲಿ ಅಂದರೆ ಅದೇ ಎಂದು ನಮ್ಮ ಲೆಕ್ಕ. ಫ್ಯಾಂಟಮ್‌ನ ತಲೆಬುರುಡೆ ಗುಹೆ ನೋಡಿ ಬರುವುದಾಗಿ ಇಬ್ಬರು ಹುಡುಗರು ಬುತ್ತಿ ಕಟ್ಟಿಕೊಂಡು ಹೊರಟೂ ಇದ್ದರು. ಊರ ಕೆರೆ ಏರಿ ದಾಟುವಷ್ಟರಲ್ಲಿ ಬುತ್ತಿ ಖಾಲಿಯಾಗಿ ವಾಪಸು ಬಂದರು.

ಕನ್ನಡದ ಮಾನ ಉಳಿಸಬೇಕಾದಾಗ ಮಾತ್ರ ಈ ಅಸ್ತ್ರ ತೆಗೆಯಿರಿ: ಅಮರ ಚಿತ್ರ ಕಥೆಯ ‘ಕೃಷ್ಣ’ನಿಗೆ 11ನೇ ಸಂಖ್ಯೆ ಯಾಕೆ? ಮೊದಲ ಹತ್ತು ಎಲ್ಲಿ? ಆ ಹತ್ತೂ ವಿದೇಶಿ ಕಥೆಗಳು, 1965ರ ಸುಮಾರಿಗೆ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ ಕನ್ನಡದಲ್ಲಿ ಬಂದವು. ಅಮರ ಚಿತ್ರ ಕಥೆಯ ‘ಅಂಕಲ್ ಪೈ’, ಅಂದರೆ ಅನಂತ ಪೈ, ಕಾರ್ಕಳದವರು ಎಂಬುದನ್ನೂ ಜೊತೆಗೇ ಸೇರಿಸಿ. ಸೂಪರ್‌ಹೀರೋ ಒಬ್ಬನೂ ಇಲ್ಲದ ಹತ್ತು ಪುಸ್ತಕ ಅಂತ ಯಾರಾದರೂ ಆಕ್ಷೇಪ ಎತ್ತಿದರೆ ಇನ್ನೊಂದು ಟೀ ಹೇಳಿ.

ಎರಡನೇ ಹಂತ: ಶಕ್ತಿ ತೂಗುವುದು

ಇದು ಬೇಗ ಮುಗಿಯುತ್ತದೆ. ಫ್ಯಾಂಟಮ್‌ಗೆ ಶಕ್ತಿಯೇ ಇಲ್ಲ, ಇರುವುದು ಉಂಗುರ, ಕುದುರೆ, ತೋಳ ಮತ್ತು ಅಪ್ಪನಿಂದ ಮಗನಿಗೆ ಬಂದ ಬಟ್ಟೆ. ಜಾದೂಗಾರ ಮಾಂಡ್ರೇಕನ ಹೆಸರನ್ನು ಎತ್ತಲೇಬೇಡಿ. ಮಾಟ ಅಂದರೆ ಇಡೀ ಕರ್ನಾಟಕ ಕೊಳ್ಳೇಗಾಲದ ಕಡೆ ಕೈ ತೋರಿಸುತ್ತದೆ. ಹೊರಗಿನವರ ಆ ಕುಹಕ ಕೇಳಿ ಕೇಳಿ ಸುಸ್ತಾದವರ ಮುಂದೆ ಟೋಪಿ ಹಾಕಿದ ಜಾದೂಗಾರನೊಬ್ಬ ಬಂದರೆ ಅವನಿಗೂ ಒಳ್ಳೆಯದಲ್ಲ, ನಿಮಗೂ ಅಲ್ಲ.

ಮೂರನೇ ಹಂತ: ತಾತ ಬರುವುದು

ಈ ಹಂತವನ್ನು ನೀವು ಶುರು ಮಾಡಬೇಕಿಲ್ಲ, ಅದಾಗಿಯೇ ಆಗುತ್ತದೆ. ಬೀಡಿಗೆ ಬೆಂಕಿ ಕೇಳಿಕೊಂಡು ಬಂದ ತಾತ ಒಬ್ಬರು ಅರ್ಧ ಗಂಟೆಯಿಂದ ಕೇಳಿಸಿಕೊಳ್ಳುತ್ತಿರುತ್ತಾರೆ.

“ಯಾವನ್ಲಾ ಅವ್ನು? ಎಷ್ಟು ಮಲೆ ಆಳ್ತಾನೆ?”

“ಒಂದು ಕಾಡು ತಾತ.”

“ನಮ್ಮಪ್ಪ ಎಪ್ಪತ್ತೇಳು ಮಲೆ ಆಳ್ತಾನೆ ಕನ ಕೂಸೇ. ಹುಲಿ ಮ್ಯಾಲೆ ಕುಂತು. ಸುಮ್ಕೆ ಟೀ ಕುಡಿ.”

ಎದುರು ವಾದಿಸಬೇಡಿ. ತಾತನ ‘ನಮ್ಮಪ್ಪ’ ಅಂದರೆ ಮಾದಪ್ಪ, ಮಲೆಯ ಮಾದೇಶ್ವರ. ಅವನನ್ನು ಸೂಪರ್‌ಹೀರೋ ಎಂದು ಕರೆಯುವ ಆಸೆ ಬಂದರೆ ನಾಲಿಗೆ ಕಚ್ಚಿಕೊಳ್ಳಿ, ಅವನು ದೇವರು. ಕೇರಳದಲ್ಲಿ ಕೆಲವರು 2008ರಿಂದ ತಮಾಷೆಗೆ ಡಿಂಕನನ್ನೇ ದೇವರು ಮಾಡಿಕೊಂಡಿದ್ದಾರೆ ಎಂದು ನಾನೊಮ್ಮೆ ತಾತನಿಗೆ ಹೇಳಿದೆ. ಅವರು ನಗಲಿಲ್ಲ. “ಇಲಿ ಗಣಪತೀದು. ಅವ್ನಿಗೇ ಬಿಟ್ಕೊಡ್ರಪ್ಪ” ಅಂದರು.

ಡಿಂಗನಿಗೆ ಪವರ್ ಬಂದದ್ದು ಹೇಗೆ ಎಂದು ವಿವರಿಸಿದಾಗ ಅವರು ಕೊಟ್ಟ ತೀರ್ಪನ್ನು ಯಾವ ಕಾಮಿಕ್ಸ್ ವಿಮರ್ಶಕನೂ ಕೊಟ್ಟದ್ದು ನಾನು ಕಂಡಿಲ್ಲ. ಸಿದ್ದಪ್ಪಾಜಿ ಗುರು ಮಂಟೇಸ್ವಾಮಿಯ ಮಾತಿಗೆ ಕಬ್ಬಿಣದ ಭಿಕ್ಷೆ ಕೇಳಿಕೊಂಡು ಹಲಗೂರು ಪಾಂಚಾಳರ ಹತ್ತಿರ ಹೋದವನು. ಅವರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಮೈಮೇಲೆ ತೆಗೆದುಕೊಂಡು, ಗೆದ್ದು ಬಂದವನು. “ಅದು ಪವಾಡ. ಯಾರೋ ಹೊತ್ಕೊಂಡೋಗಿ ತುಂಬಿ ಕಳ್ಸಿದ್ದು ಪವಾಡ ಆಯ್ತದಾ?” ಚಿಕ್ಕಲ್ಲೂರು ಜಾತ್ರೆಗೆ ವರ್ಷವೂ ಹೋಗುವ ಮನುಷ್ಯ ಅವರು. ನಾನು ಡಿಂಗನ ಪರ ವಕಾಲತ್ತು ಅಲ್ಲಿಗೆ ನಿಲ್ಲಿಸಿದೆ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ತಡವಾಗಿ. ನಾವು ಬೆಂಚಿನ ಮೇಲೆ ಮಾಡುತ್ತಿದ್ದುದನ್ನೇ ಇವರ ತಲೆಮಾರು ಜಗಲಿ ಮೇಲೆ ಮಾಡಿತ್ತು. ಮಾದಪ್ಪನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಒಂದೊಂದು ಭಾಗಕ್ಕೆ ಒಂದೊಂದು ಸಾಲು: ಶರಣೆ ಸಂಕವ್ವನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು. ಎಲ್ಲವನ್ನೂ ಒಂದೇ ರಾತ್ರಿ ಮುಗಿಸಲಾಗುವುದಿಲ್ಲ, ಹಾಗಾಗಿ ಯಾವ ಸಾಲು ಎಂದು ಮನೆಯವರು ಕೇಳುತ್ತಾರೆ. ಬೆಳಿಗ್ಗೆ ಶುರುವಾಗುತ್ತದೆ ಅಸಲಿ ಚರ್ಚೆ. ಸಂಕವ್ವನನ್ನು ಗಂಡ ನೀಲೇಗೌಡ ಗೋಳಾಡಿಸಿದ ಭಾಗವನ್ನು ಈ ಸಲದ ಗುಡ್ಡ ಓಡಿಸಿಬಿಟ್ಟ, ಅದೇ ಇವನ ಅಪ್ಪ ಹಾಡಿದ್ದಿದ್ದರೆ ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಾರಯ್ಯ ಬಿಲ್ಲಯ್ಯ ಹುಟ್ಟುವಲ್ಲಿ ನಿಲ್ಲಿಸಿದ್ದು ಸರಿಯಲ್ಲ. ಶ್ರವಣ ದೊರೆಯ ಸಾಲಿಗೆ ಗಂಟಲು ಸಾಲದು. ಹಿಂದಿನ ಬರಹಗಾರ ಚೆನ್ನಾಗಿದ್ದ, ಹೊಸಬ ಕೆಡಿಸಿದ ಎಂದು ಅಮೆರಿಕದ ಕಾಮಿಕ್ಸ್ ಓದುಗರು ಗೊಣಗುತ್ತಾರಲ್ಲ, ಅದೇ ಮಾತು, ಅದೇ ಸಂಕಟ. ಕ್ಯಾಸೆಟ್ ಕಾಲ ಬಂದ ಮೇಲೆ ಮಳವಳ್ಳಿ ಮಹದೇವಸ್ವಾಮಿ ಅವರ ದನಿ ಬಸ್ಸುಗಳಲ್ಲಿ, ಟೀ ಅಂಗಡಿಗಳಲ್ಲಿ ತುಂಬಿಕೊಂಡಿತು, ಹೋಲಿಸುವುದಕ್ಕೆ ಇನ್ನೊಂದು ಅಳತೆಗೋಲು ಸಿಕ್ಕಿತು.

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಾದೇಶ್ವರ ಕಾವ್ಯವಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ್ದೂ ಇದೆ, ಅದರಲ್ಲಿ ನೋಡಿದರೆ ನಿಜ ತಿಳಿಯುತ್ತದಲ್ಲ ಅಂದೆ. ತಾತ ಕನಿಕರದಿಂದ ನೋಡಿದರು. “ಅದು ಅವ್ರಿಗೆ ಹಾಡ್ದೋನ ಕಥೆ. ನಮ್ಗೆ ಹಾಡ್ದೋನ್ದು ಬ್ಯಾರೆ.” ಅಚ್ಚಾದ ಮಾತ್ರಕ್ಕೆ ಅಸಲಿಯಾಗುವುದಿಲ್ಲ. ಇದನ್ನು ಒಪ್ಪಿಕೊಂಡ ದಿನ ನನ್ನ ಬಂಡೆಯ ಭಾರ ಅರ್ಧ ಇಳಿಯಿತು.

ನಾಲ್ಕನೇ ಹಂತ: ಗಾಳಿಸುದ್ದಿ

ಗಾಳಿಸುದ್ದಿಗೆ ಸಾಕ್ಷಿ ಬೇಡ, ಸಂಬಂಧ ಬೇಕು. “ಬೆಂಗಳೂರಲ್ಲಿ ಪ್ರೆಸ್ಸಲ್ಲಿರೋ ನಮ್ಮ ಭಾವನ ತಮ್ಮ ಹೇಳ್ದ” ಎಂದೇ ಶುರು ಮಾಡಿ. ಬಾಲಮಂಗಳ ಮತ್ತೆ ಬರುತ್ತದಂತೆ ಎಂಬುದು ಎಲ್ಲಕ್ಕಿಂತ ಹಳೆಯ ಸುದ್ದಿ. ಮಲಯಾಳಂ ಪತ್ರಿಕೆಯೇ 2012ರಲ್ಲಿ ನಿಂತಿತು ಎಂದು ಯಾರಾದರೂ ಹೇಳಿದರೆ “ಅದು ಮಲಯಾಳಂದು” ಎಂದು ಹೇಳಿ ದಾಟಿಕೊಳ್ಳಿ. ಮೊದಲನೇ ಹಂತದಲ್ಲಿ ಡಿಂಗ ಕೇರಳದವನೆಂದು ವಾದಿಸಿದವರು ನೀವೇ ಎಂಬುದನ್ನು ಆ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ.

ಎರಡನೆಯದು, ಮಾದಪ್ಪನ ಕಥೆ ಕಾಮಿಕ್ಸ್ ಆಗುತ್ತದಂತೆ ಎಂಬುದು. ಟಿವಿಯಲ್ಲಿ ‘ಉಘೇ ಉಘೇ ಮಾದೇಶ್ವರ’ ಬಂದಾಗ ಊರಿಗೂರೇ ನೋಡಿತು, ನೋಡುತ್ತಲೇ ತಪ್ಪು ಎಣಿಸಿತು. ಇನ್ನು ಚಿತ್ರ ಬರೆದು ಕೊಟ್ಟರೆ ಹುಲಿಯ ಪಟ್ಟೆ ಎಣಿಸುವ ಜನ ನಾವು. 2023ರ ಮಾರ್ಚ್‌ನಲ್ಲಿ ಬೆಟ್ಟದ ಮೇಲೆ ಹುಲಿ ಏರಿದ ಮಾದಪ್ಪನ 108 ಅಡಿಯ ಪ್ರತಿಮೆ ಉದ್ಘಾಟನೆಯಾದಾಗಲೂ ಮುಖ ಹೀಗಿರಬೇಕಿತ್ತು, ಹಾಗಿರಬೇಕಿತ್ತು ಎಂದು ಬಸ್ಸಿನ ತುಂಬ ಮಾತಾಯಿತು.

ಎಚ್ಚರಿಕೆ

ಮಾದಪ್ಪ, ಮಂಟೇಸ್ವಾಮಿ ಎದುರುಬದುರಾದರೆ ಯಾರು ಗೆಲ್ಲುತ್ತಾರೆ ಎಂದು ಕೇಳಬೇಡಿ. ಎಷ್ಟೋ ಮನೆಗಳು ಇಬ್ಬರಿಗೂ ನಡೆದುಕೊಳ್ಳುತ್ತವೆ. ಅಂಗಡಿಯವರು ಅಣ್ಣಾವ್ರ ಸಿ.ಐ.ಡಿ. 999ನ್ನು ಚರ್ಚೆಗೆ ತಂದರೆ ಸೋಲೊಪ್ಪಿಕೊಳ್ಳಿ. ಅಣ್ಣಾವ್ರ ಮನೆತನದ ಊರು ಸಿಂಗಾನಲ್ಲೂರು ಇಲ್ಲೇ ಇದೆ, ಟೀ ಕಾಸಿನ ಬಾಕಿಯೂ ಇರುತ್ತದೆ.

ಹುಲಿ ವಿಷಯದಲ್ಲಿ ತಮಾಷೆ ಬೇಡ. 2025ರ ಜೂನ್‌ನಲ್ಲಿ ಮಾದಪ್ಪನ ಬೆಟ್ಟದ ಕಾಡಿನ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷ ತಿಂದು ಸತ್ತವು. ಆ ವಾರ ಬೆಂಚಿನ ಮೇಲೆ ಡಿಂಗನೂ ಇರಲಿಲ್ಲ, ಫ್ಯಾಂಟಮ್ಮೂ ಇರಲಿಲ್ಲ. ತಾತ ಬೀಡಿ ಕೂಡ ಹಚ್ಚಲಿಲ್ಲ.

ಖಾತರಿ ಮತ್ತು ಬಿಡಿಭಾಗ

ಚರ್ಚೆಗೆ ಖಾತರಿಯಿಲ್ಲ, ತೀರ್ಮಾನಕ್ಕೆ ಅವಕಾಶವಿಲ್ಲ. ಬಿಡಿಭಾಗ ಮಾತ್ರ ತುರ್ತಾಗಿ ಬೇಕಾಗಿದೆ. ಹನೂರು, ಕೊಳ್ಳೇಗಾಲ, ಯಳಂದೂರು ಕಡೆ ಯಾರ ಅಟ್ಟದ ಮೇಲಾದರೂ ಹಳೆಯ ಬಾಲಮಂಗಳದ ಕಟ್ಟು ಇದ್ದರೆ, ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ಡಿಂಗ ಬಂಡೆ ಎತ್ತಿ ನಿಂತಿರುತ್ತಾನೆ, ಕೆಳಗೆ ಮೊಲ. ಅದರ ಮುಂದಿನ ಹಾಳೆ ಇದ್ದರೆ ಶಾಗ್ಯದ ಟೀ ಅಂಗಡಿಗೆ ಹೇಳಿ ಕಳಿಸಿ.