ಅಟೆಂಡರಣ್ಣನ ಅಧಿಕಪ್ರಸಂಗ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಇವುಗಳಲ್ಲಿ ಯಾವ ಊರಿನ ಸರ್ಕಾರಿ ಕಚೇರಿಗೆ ಹೋದರೂ ಸಾಹೇಬರ ಕೋಣೆಯ ಹೊರಗೆ ಒಂದು ಸ್ಟೂಲು, ಅದರ ಮೇಲೊಬ್ಬ ಅಟೆಂಡರಣ್ಣ ಇದ್ದದ್ದೇ. ಸರ್ಕಾರದ ಲೆಕ್ಕದಲ್ಲಿ ಅವನು ಡಿ ಗ್ರೂಪ್ ನೌಕರ: ಫೈಲು ಸಾಗಿಸಬೇಕು, ಗಂಟೆ ಬಾರಿಸಿದರೆ ಒಳಗೆ ಹೋಗಬೇಕು, ನೀರು ತಂದಿಡಬೇಕು. ಅವನ ಲೆಕ್ಕವೇ ಬೇರೆ. ಸ್ಟೂಲನ್ನು ಒಂದು ಮಾರು ಸರಿಸಿ, ಮೆಟ್ಟಿಲು ಹತ್ತಿ ಬರುವವರೂ ಪರದೆಯ ಸಂದಿಯಲ್ಲಿ ಸಾಹೇಬರ ಮೇಜೂ ಒಟ್ಟಿಗೆ ಕಾಣುವ ಜಾಗ ಹಿಡಿದ ದಿನವೇ ಅವನಿಗೆ ಸ್ವಯಂ ಬಡ್ತಿಯಾಗಿದೆ. ಗಂಟೆಯ ಬಿರುಸು ಕೇಳಿಯೇ ಸಾಹೇಬರ ಮನೆಯಲ್ಲಿ ಬೆಳಿಗ್ಗೆ ಏನಾಯಿತೆಂದು ಹೇಳಬಲ್ಲ. ಬಂದವರ ಕೈಯಿಂದ ಅರ್ಜಿ ಇಸಕೊಂಡು, ಓದೆಂದು ಯಾರೂ ಹೇಳದಿದ್ದರೂ ಓದಿ, “ಇದು ಪೌತಿ ಖಾತೆ ಅಲ್ವಾ ಯಜಮಾನ್ರೆ? ವಂಶವೃಕ್ಷ ಎಲ್ಲಿ? ನಾಡಕಚೇರೀಲಿ ಮಾಡಿಸ್ಕೊಂಡು ಬನ್ನಿ” ಎಂದು ವಾಪಸು ಕೊಡುತ್ತಾನೆ. ಪರದೆಯ ಕೆಳಗೆ ಸಾಹೇಬರ ಬೂಟು ಕಾಣುತ್ತಿದ್ದರೂ “ಸಾಹೇಬ್ರು ಮೀಟಿಂಗ್‌ಗೆ ಹೋಗವ್ರೆ” ಎಂದರೆ ನಂಬಬೇಕು. ಇಷ್ಟೇ ಆಗಿದ್ದರೆ ಸಿಟ್ಟು ಮಾಡಿಕೊಂಡು ಸುಮ್ಮನಾಗಬಹುದಿತ್ತು. ವಂಶವೃಕ್ಷದ ವಿಚಾರದಲ್ಲಿ ಅವನು ಹೇಳಿದ್ದೇ ಸರಿ ಎನ್ನುವುದು ನುಂಗಲಾರದ ತುತ್ತು.

ಹೀಗೆ ಹುದ್ದೆಯ ಗೆರೆ ದಾಟುವವನು ಅಟೆಂಡರಣ್ಣ ಒಬ್ಬನೇ ಅಲ್ಲ. ಮಾಗಡಿ ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಜೊತೆಗೆ ಗಂಡು ಹೆಣ್ಣಿನ ಸಂಬಂಧವನ್ನೂ ಕುದುರಿಸುತ್ತಾನೆ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವವನು ಹುಳುವಿನ ಸುಣ್ಣಕಟ್ಟು ರೋಗಕ್ಕೆ ಔಷಧ ಹೇಳುತ್ತಾನೆ. ಇದೆಲ್ಲ ಕೆಲಸಗಳ್ಳರ ಚಾಳಿ ಎನ್ನುವವರಿಗೆ ಬೇರೆ ಸಾಕ್ಷಿ ಇದೆ. 2001ರಲ್ಲಿ ಅಮೆರಿಕದ ಸಂಶೋಧಕರಾದ ಏಮಿ ರೆಜ್‌ನೆಸ್ಕಿ ಮತ್ತು ಜೇನ್ ಡಟ್ಟನ್ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಬಗ್ಗೆ ಬರೆದರು. ಕೆಲವರು ನೆಲ ಒರೆಸಿ ಹೊರಟುಬಿಡುತ್ತಿದ್ದರು. ಕೆಲವರು ರೋಗಿಗಳನ್ನು ಮಾತಾಡಿಸುತ್ತ, ಬಂದವರಿಗೆ ದಾರಿ ತೋರಿಸುತ್ತ, ಶುಶ್ರೂಷೆಯಲ್ಲಿ ತಮಗೂ ಪಾಲಿದೆ ಎಂದುಕೊಂಡಿದ್ದರು. ಅಷ್ಟು ದೂರವೇಕೆ, ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದರು. ಜನಪದ ಹಾಡು ಸಂಗ್ರಹಿಸಿ ಎಂದು ಯಾವ ಸುತ್ತೋಲೆಯೂ ಅವರಿಗೆ ಬಂದಿರಲಾರದು. ಊರೂರು ತಿರುಗುವ ನೌಕರಿಯಲ್ಲೇ ಹಾಡುವವರನ್ನು ಹುಡುಕಿಕೊಂಡರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಕೊನೆಗೆ ಆ ಗೀಳೇ ರಾಮನಗರದ ಹೆದ್ದಾರಿ ಪಕ್ಕ ಜಾನಪದ ಲೋಕವಾಗಿ ನಿಂತಿತು. ಅವರೆಲ್ಲಿ, ಅಟೆಂಡರಣ್ಣ ಎಲ್ಲಿ ಎಂದು ಮೂಗು ಮುರಿಯುವವರು ಮುರಿಯಲಿ. ದೊಡ್ಡ ಹುದ್ದೆಯವರು ಮಾಡಿದರೆ ಅಭಿರುಚಿ, ಸಣ್ಣ ಹುದ್ದೆಯವನು ಮಾಡಿದರೆ ಅಧಿಕಪ್ರಸಂಗ. ನಮ್ಮ ನಿಘಂಟು ಹಾಗಿದೆ.

ಹುದ್ದೆಯನ್ನು ತನ್ನ ಅಳತೆಗೆ ಹೊಲಿಸಿಕೊಳ್ಳುವವನು ಅದಕ್ಕೊಂದು ಕಳ್ಳಜೇಬನ್ನೂ ಇಡಿಸಿಕೊಳ್ಳುತ್ತಾನಲ್ಲ ಎಂಬ ಆಕ್ಷೇಪವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇಡಿಸಿಕೊಂಡವರಿದ್ದಾರೆ. ಅಂಥವರ ಕಾಟ ತಪ್ಪಿಸುವುದಕ್ಕೂ ಸೇರಿಯೇ ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ‘ಭೂಮಿ’ ಬಂತು, 2012ರಲ್ಲಿ ‘ಸಕಾಲ’ ಬಂದು ಅರ್ಜಿಗೆ ಗಡುವು ಬಿತ್ತು. ಒಳ್ಳೆಯದೇ ಆಯಿತು. ಆದರೆ ಲಂಚಕ್ಕೆ ನಿಯಮ ಮೀರಲೇಬೇಕೆಂದಿಲ್ಲ. ನಿಯಮವನ್ನು ಅಕ್ಷರಶಃ ಪಾಲಿಸಿಯೇ ಒಂದು ಫೈಲನ್ನು ಆರು ತಿಂಗಳು ಮಲಗಿಸಬಹುದು, ಯಾರೂ ಆಡಿಕೊಳ್ಳುವಂತಿಲ್ಲ. ಕಂಪ್ಯೂಟರು ‘ದಾಖಲೆ ಅಪೂರ್ಣ’ ಎಂದು ಹೇಳಬಲ್ಲದು. ಯಾವ ದಾಖಲೆ, ಅದನ್ನು ಎಲ್ಲಿ ಮಾಡಿಸಬೇಕು, ಇವತ್ತು ಅಲ್ಲಿ ಕರೆಂಟಿದೆಯೇ ಎಂಬುದನ್ನು ಕೋಡಂಬಳ್ಳಿಯಿಂದ ಬಂದ ಮುದುಕನಿಗೆ ಹೇಳಲು ಬಾಯಿಬಡುಕನೇ ಬೇಕು. ಅವನು ಮೂಗು ತೂರಿಸಿದ ಮೇಲೆ ಸಾಲು ಚಿಕ್ಕದಾಯಿತೋ ದೊಡ್ಡದಾಯಿತೋ, ನೋಡಬೇಕಾದ್ದು ಅಷ್ಟೇ.

ಈಗೀಗ ಅಟೆಂಡರ್ ಕೆಲಸಕ್ಕೆ ಹೊರಗುತ್ತಿಗೆಯ ಹುಡುಗರು ಬರುತ್ತಿದ್ದಾರೆ. ಚುರುಕಾಗಿದ್ದಾರೆ, ಎದುರು ಮಾತಾಡುವುದಿಲ್ಲ. ಏಜೆನ್ಸಿ ಬದಲಾದರೆ ನಾಳೆ ಇರುತ್ತೇವೋ ಇಲ್ಲವೋ ಎನ್ನುವವರು ಪರರ ಅರ್ಜಿ ಓದುವ ಉಸಾಬರಿಗೆ ಯಾಕೆ ಹೋದಾರು? ವಂಶವೃಕ್ಷದ ಬಗ್ಗೆ ಕೇಳಿದರೆ ವಿನಯದಿಂದಲೇ “ಒಳಗೆ ಕೇಳಿ ಸಾರ್” ಎನ್ನುತ್ತಾರೆ. ಒಳಗೆ ಸಾಹೇಬರದೂ ಅದೇ ಪಾಡು. ಹಳೆಯ ರಿಜಿಸ್ಟರು ಯಾವ ಬೀರುವಿನಲ್ಲಿದೆ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ಹೋದ ತಿಂಗಳು ರಿಟೈರಾದ.