ಡ್ರಿಲ್ ಬಿಟ್ಟಿಗಿರುವ ಸ್ವಾತಂತ್ರ್ಯ ಬ್ಯಾಟರಿಗೇಕಿಲ್ಲ?

ಬ್ಯಾಟರಿ ಡ್ರಿಲ್, ರೋಟರಿ ಹ್ಯಾಮರ್ ತಯಾರಿಸುವ ಕಂಪನಿಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಮನೆ ಕಟ್ಟಿಸಿಕೊಡುವ ಸಣ್ಣ ಗುತ್ತಿಗೆದಾರ. ನನ್ನ ಜೊತೆ ದುಡಿಯುವ ಎಲೆಕ್ಟ್ರಿಷಿಯನ್, ಪ್ಲಂಬರ್, ಗ್ರಿಲ್ ಕೆಲಸದವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನೀವು ಮಾಡಿದ ಒಳ್ಳೆಯದನ್ನು ಹೇಳುತ್ತೇನೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ನಿಂತು ಎಸ್‌ಡಿಎಸ್ ಪ್ಲಸ್ ಬಿಟ್ ಕೊಡಿ ಎಂದರೆ, ನಿಮ್ಮದು ಯಾವ ಕಂಪನಿ ಮೆಷಿನ್ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಎಂಎಂ, ಎಷ್ಟು ಉದ್ದ ಎಂದಷ್ಟೇ ಕೇಳುತ್ತಾರೆ. 1975ರಲ್ಲಿ ಬಾಷ್ ರೂಪಿಸಿದ ವ್ಯವಸ್ಥೆ ಅದು. ಬಿಟ್ಟಿನ 10 ಎಂಎಂ ದಪ್ಪದ ಹಿಂಬದಿ, ಅದರ ಮೇಲೆ ನಾಲ್ಕು ತೋಡು. ಇವತ್ತು ಮಕೀತಾ ಇರಲಿ, ಡಿವಾಲ್ಟ್ ಇರಲಿ, ಹಿಲ್ಟಿ ಇರಲಿ, ಆ ಗಾತ್ರದ ಎಲ್ಲ ರೋಟರಿ ಹ್ಯಾಮರ್‌ಗಳ ಚಕ್ಕಿನಲ್ಲೂ ಅದು ಟಕ್ಕೆಂದು ಕೂರುತ್ತದೆ. ಇದರಿಂದ ನಿಮ್ಮಲ್ಲಿ ಯಾರ ವ್ಯಾಪಾರವೂ ಮುಳುಗಲಿಲ್ಲ.

ಹೊಡೆತದ ಲೆಕ್ಕದಲ್ಲೂ ನೀವು ಒಂದಾಗಿದ್ದೀರಿ. ಇದು ನಮ್ಮವರಿಗೆ ಎಷ್ಟು ಮುಖ್ಯ ಎನ್ನುವುದು ಸ್ಲ್ಯಾಬಿಗೆ ತೂತು ಹೊಡೆಯುವವನನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಏಣಿಯ ಮೇಲೆ ನಿಂತು, ಎರಡೂ ಕೈ ತಲೆಯ ಮೇಲೆತ್ತಿ, ಕಣ್ಣಿಗೆ ಬೀಳುವ ಸಿಮೆಂಟ್ ಪುಡಿಗೆ ಮುಖ ಓರೆ ಮಾಡಿಕೊಂಡು ಆಂಕರ್ ಫಾಸ್ಟನರ್‌ಗೆ ಜಾಗ ಕೊರೆಯುತ್ತಾನೆ. ಕೈಯಲ್ಲಿರುವುದು ಮಾಮೂಲಿ ಇಂಪ್ಯಾಕ್ಟ್ ಡ್ರಿಲ್ ಆದರೆ ಭುಜ ಕೊಟ್ಟು ಒತ್ತಲೇಬೇಕು. ಅದರೊಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಕುಣಿಯುತ್ತವೆ, ಹಿಂದಿನಿಂದ ಒತ್ತುವವನ ಬಲವೇ ಅದರ ಬಲ. ರೋಟರಿ ಹ್ಯಾಮರ್‌ನೊಳಗೆ ಪಿಸ್ಟನ್ ಇದೆ. ಅದು ಸಿಲಿಂಡರಿನ ಗಾಳಿಯನ್ನು ಅದುಮುತ್ತದೆ, ಆ ಗಾಳಿ ಸುತ್ತಿಗೆಯನ್ನು ಮುಂದಕ್ಕೆ ತಳ್ಳಿ ಬಿಟ್ಟಿನ ಬುಡಕ್ಕೆ ಹೊಡೆಸುತ್ತದೆ. ಹಿಡಿದವನು ನೇರವಾಗಿ ಹಿಡಿದುಕೊಂಡರೆ ಸಾಕು. ಇಂಪ್ಯಾಕ್ಟ್ ಡ್ರಿಲ್ಲಿನ ಡಬ್ಬದ ಮೇಲೆ ನಿಮಿಷಕ್ಕೆ 40,000ಕ್ಕೂ ಹೆಚ್ಚು ಹೊಡೆತ ಎಂದಿರುತ್ತದೆ, 800 ವ್ಯಾಟಿನ ರೋಟರಿ ಹ್ಯಾಮರ್ ಹೊಡೆಯುವುದು ಸುಮಾರು 4,000 ಮಾತ್ರ. ಆದರೂ ಕಾಂಕ್ರೀಟಿಗೆ ಇಳಿಯುವುದು ಎರಡನೆಯದೇ. ಸಂಖ್ಯೆ ನೋಡಿ ಮೊದಲನೆಯದನ್ನು ಕೊಂಡು ಭುಜ ನೋಯಿಸಿಕೊಂಡ ಹುಡುಗರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಹೋಲಿಸಬೇಕಾದದ್ದು ಒಂದೊಂದು ಹೊಡೆತದ ಜೋರನ್ನು, ಅಂದರೆ ಜೂಲ್. ಅದನ್ನು ಅಳೆಯಲು ಯುರೋಪಿನ ಪವರ್ ಟೂಲ್ ತಯಾರಕರ ಸಂಘ ಒಂದೇ ವಿಧಾನ ಮಾಡಿಕೊಟ್ಟಿತು. ಅದರಿಂದಲೇ ತಂತಿಯ ಬಾಷ್ 2-26 ಮೆಷಿನ್ 2.7 ಜೂಲ್, ಬ್ಯಾಟರಿಯ 18ವಿ-26 ಮೆಷಿನ್ 2.6 ಜೂಲ್, ಡಿವಾಲ್ಟ್ ಡಿಸಿಎಚ್ 273 ಸುಮಾರು 2.1, ಮಕೀತಾ ಡಿಎಚ್ಆರ್ 242 ಸುಮಾರು 2 ಎಂದು ನಾವು ಪಕ್ಕಪಕ್ಕದಲ್ಲಿಟ್ಟು ನೋಡಬಲ್ಲೆವು. ತಂತಿಗೂ ಬ್ಯಾಟರಿಗೂ ಇದ್ದ ಅಂತರ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಟೆಂಪರರಿ ಕನೆಕ್ಷನ್ ಬರದ ಸೈಟಿನಲ್ಲಿ, ಕರೆಂಟ್ ಹೋದ ಮಧ್ಯಾಹ್ನದಲ್ಲಿ, ಕ್ಯೂರಿಂಗ್ ನೀರು ನಿಂತ ತಾರಸಿಯ ಮೇಲೆ ವೈರ್ ಎಳೆಯದೆ ಕೆಲಸ ಮಾಡುವುದು ದೊಡ್ಡ ನೆಮ್ಮದಿ. ಅದಕ್ಕೆ ನಿಮಗೆ ಮನಸಾರೆ ಧನ್ಯವಾದ.

ಬಿಟ್ಟಿನಲ್ಲಿ ಒಂದಾದಿರಿ, ಜೂಲಿನಲ್ಲಿ ಒಂದಾದಿರಿ. ಅದೇ ಮೆಷಿನ್ನಿನ ಕೆಳಗಿನ ತುದಿಗೆ ಬಂದರೆ ಮಾತ್ರ ಒಬ್ಬರ ಬ್ಯಾಟರಿ ಇನ್ನೊಬ್ಬರದಕ್ಕೆ ಕೂರುವುದಿಲ್ಲ. ಸತ್ತ ಎರಡು ಪ್ಯಾಕುಗಳ ಸ್ಟಾರ್ ಸ್ಕ್ರೂ ಬಿಚ್ಚಿ ಮೇಜಿನ ಮೇಲೆ ಹರಡಿ ನೋಡಿದ್ದೇನೆ. ಎರಡೂ ಬೇರೆ ಬೇರೆ ಕಂಪನಿಯವು. ಒಳಗೆ ಎರಡರಲ್ಲೂ 18 ಎಂಎಂ ದಪ್ಪ, 65 ಎಂಎಂ ಉದ್ದದ ಐದು ಸೆಲ್ಲು, ಅವನ್ನು ಜೋಡಿಸುವ ನಿಕಲ್ ಪಟ್ಟಿ, ಒಂದು ಪುಟ್ಟ ಬೋರ್ಡು, ಬಿಸಿ ಅಳೆಯುವ ಒಂದು ಮಣಿ. ಪ್ಲಾಸ್ಟಿಕ್ ಕವಚ ಪಕ್ಕಕ್ಕಿಟ್ಟರೆ ಯಾವುದು ಯಾರದೆಂದು ಹೇಳುವುದೇ ಕಷ್ಟ. ಒಂದು ಸೆಲ್ಲಿಗೆ 3.6 ವೋಲ್ಟ್, ಐದಕ್ಕೆ 18. ಆಗಷ್ಟೇ ಚಾರ್ಜ್ ಆದಾಗಿನ ಲೆಕ್ಕ ಹಿಡಿದು ಅದನ್ನೇ 20 ವೋಲ್ಟ್ ಮ್ಯಾಕ್ಸ್ ಎಂದು ಅಚ್ಚು ಹಾಕುವವರೂ ನಿಮ್ಮಲ್ಲಿದ್ದಾರೆ. ಕೊಳ್ಳುವವನು 20 ದೊಡ್ಡದು ಎಂದುಕೊಂಡು ಹೆಚ್ಚು ದುಡ್ಡು ಕೊಡುತ್ತಾನೆ. ದಯವಿಟ್ಟು ಇದನ್ನು ನಿಲ್ಲಿಸಿ, ಎಲ್ಲರೂ ಒಂದೇ ಲೆಕ್ಕ ಬರೆಯಿರಿ.

ನಿಮ್ಮ ಎಂಜಿನಿಯರುಗಳ ಉತ್ತರ ನನಗೆ ಗೊತ್ತು, ಅದರಲ್ಲಿ ಸತ್ಯವೂ ಇದೆ. ಬ್ಯಾಟರಿಗೆ ಪ್ಲಸ್ಸು ಮೈನಸ್ಸು ಎರಡೇ ಇರುವುದಿಲ್ಲ. ಬಿಸಿ ಎಷ್ಟಾಯಿತು, ಚಾರ್ಜ್ ಎಷ್ಟು ಇಳಿಯಿತು ಎಂದು ಹೇಳುವ ಬೇರೆ ಪಿನ್ನುಗಳೂ ಇರುತ್ತವೆ. ಚಾರ್ಜ್ ತೀರ ಇಳಿಯುವ ಮುಂಚೆ ನಿಲ್ಲಿಸುವ ವ್ಯವಸ್ಥೆಯನ್ನು ಕೆಲವರು ಪ್ಯಾಕಿನಲ್ಲಿಟ್ಟರೆ ಕೆಲವರು ಮೆಷಿನ್ನಿನಲ್ಲಿಡುತ್ತಾರೆ. ಹಾಗಾಗಿ ಮಾರ್ಕೆಟ್ಟಿನಲ್ಲಿ ಸಿಗುವ ಅಗ್ಗದ ಅಡಾಪ್ಟರ್ ಹಾಕಿಕೊಂಡರೆ ಸೆಲ್ಲು ಹಾಳಾಗುತ್ತದೆ, ಕೆಲವೊಮ್ಮೆ ಕಾಯಲೂಬಹುದು. ಹಾಗೆ ಮಾಡಬೇಡಿ ಎಂದು ನಾನೂ ನಮ್ಮವರಿಗೆ ಹೇಳುತ್ತೇನೆ. ಆದರೆ ಈ ಪಿನ್ನುಗಳನ್ನು ಕೂಡಿ ಗೊತ್ತುಮಾಡುವುದು ಆಗದ ಕೆಲಸ ಎಂದರೆ ಒಪ್ಪಲಾರೆ. ಮೆಟಾಬೊ 2018ರಲ್ಲಿ ಬೇರೆ ತಯಾರಕರನ್ನು ಸೇರಿಸಿಕೊಂಡು ಒಂದೇ ಬ್ಯಾಟರಿ ಬಳಸುವ ಕೂಟ ಕಟ್ಟಿತು. ಬಾಷ್ 2022ರಲ್ಲಿ ಫೈನ್ ಮುಂತಾದವರ ಜೊತೆ ತನ್ನದೇ ಕೂಟ ಮಾಡಿಕೊಂಡಿತು. ಅಲ್ಲಿಗೆ ತಂತ್ರಜ್ಞಾನದ ತೊಡಕು ಬಗೆಹರಿದಂತಾಯಿತು. ಉಳಿದಿರುವುದು ಈ ಕೂಟದ ಬ್ಯಾಟರಿ ಆ ಕೂಟಕ್ಕೆ ಹೋಗದಿರುವುದು, ದೊಡ್ಡ ಹೆಸರಿನ ಇನ್ನುಳಿದವರು ಯಾವ ಕೂಟಕ್ಕೂ ಬಾರದಿರುವುದು.

ಇದರ ಭಾರ ಬೀಳುವುದು ದಿನಗೂಲಿಯಿಂದ ಮೇಲೆ ಬರಲು ಹೊರಟವನ ಮೇಲೆ. ಮೊದಲ ಮೆಷಿನ್ ಕೊಳ್ಳುವಾಗ ಅವನಿಗೆ ತಿಳಿಯದೆಯೇ ಮುಂದಿನ ಗ್ರೈಂಡರ್, ಕಟ್ಟರ್, ಸ್ಕ್ರೂ ಡ್ರೈವರ್ ಯಾವ ಕಂಪನಿಯದೆಂದು ತೀರ್ಮಾನವಾಗಿಬಿಡುತ್ತದೆ. ಬೇರೆ ಕಂಪನಿಯ ರೋಟರಿ ಹ್ಯಾಮರ್ ಚೆನ್ನಾಗಿದೆ ಎಂದು ಕಂಡರೂ ಅದರ ಜೊತೆಗೆ ಎರಡು ಬ್ಯಾಟರಿ, ಒಂದು ಚಾರ್ಜರ್ ಹೊಸದಾಗಿ ಕೊಳ್ಳಬೇಕು. ಬ್ಯಾಟರಿ ಇಲ್ಲದ ಬರೀ ಮೆಷಿನ್ ಎಂದು ಮಾರುವುದನ್ನು ಅಗ್ಗ ಎಂದು ತಂದು, ಸೈಟಿನಲ್ಲಿ ಪೆಚ್ಚಾಗಿ ನಿಂತವನನ್ನು ನೋಡಿದ್ದೇನೆ. ನಾಲ್ಕೈದು ವರ್ಷಕ್ಕೆ ಪ್ಯಾಕ್ ಸತ್ತು, ಅದೇ ಮಾದರಿ ಅಂಗಡಿಯಲ್ಲಿ ಸಿಗದೆ, ಗಟ್ಟಿಮುಟ್ಟಾದ ಮೆಷಿನ್ ಗುಜರಿಗೆ ಹೋದದ್ದನ್ನೂ ನೋಡಿದ್ದೇನೆ.

ಎಲ್ಲರೂ ಕೂತು ಒಂದೇ ಬ್ಯಾಟರಿ ಗೊತ್ತುಮಾಡಲು ವರ್ಷಗಳೇ ಬೇಕಾಗಬಹುದು. ಅಲ್ಲಿಯವರೆಗೆ ಒಂದು ಕೆಲಸವನ್ನು ಈಗಲೇ ಮಾಡಬಹುದು. ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅದರ ಬದಲಿ ಬ್ಯಾಟರಿ ಸಿಗಬೇಕೆಂದು ಯುರೋಪಿನ 2023ರ ಬ್ಯಾಟರಿ ಕಾನೂನು ಹೇಳುತ್ತದೆ. 2027ರ ಫೆಬ್ರುವರಿಯಿಂದ ಅಲ್ಲಿ ನೀವು ಅದಕ್ಕೆ ಬದ್ಧರು. ಅದೇ ಮಾತನ್ನು ಇಲ್ಲಿ ಮಾರುವ ಪ್ರತಿ ಮೆಷಿನ್ನಿನ ವಾರಂಟಿ ಕಾರ್ಡಿನ ಮೇಲೆ, ಬದಲಿ ಪ್ಯಾಕಿನ ಬೆಲೆಯ ಸಮೇತ, ಕನ್ನಡದಲ್ಲಿ ಅಚ್ಚು ಹಾಕಿಕೊಡಿ.

ಇಂತಿ,
ಒಬ್ಬ ಕಟ್ಟಡ ಗುತ್ತಿಗೆದಾರ